ಹಾಲು ನಿಂತ ಜಾಗ

ಕಂಪ್ಯೂಟರ್ ಪರದೆಯಲ್ಲಿ ಅಮ್ಮನ ಹೊಟ್ಟೆಯ ಸ್ಕ್ಯಾನ್ ಬಣ್ಣಬಣ್ಣವಾಗಿ ಮೂಡಿದಾಗ ನನ್ನ ಕಣ್ಣು ಹೋದದ್ದು ಕೆಂಪಿನ ಮೇಲೆ. ಅಷ್ಟೊಂದು ಕೆಂಪು ಕಂಡು ರೋಗ ಹೊಟ್ಟೆಯಿಡೀ ಹರಡಿದೆ ಎಂದೇ ಭಾವಿಸಿದೆ. ನಡುವೆ ಒಂದು ಚಿಕ್ಕ ನೀಲಿ ಕಲೆ ಇತ್ತು. ಅಷ್ಟಾದರೂ ಸರಿ ಉಂಟಲ್ಲ ಎಂದುಕೊಂಡೆ.

ಮಂಗಳೂರಿನ ಡಾಕ್ಟರು ಬೆರಳಿಟ್ಟದ್ದು ನೀಲಿಯ ಮೇಲೆಯೇ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಗಡ್ಡೆ ಅದು. ರಕ್ತ ಎಲ್ಲಿ ಎಷ್ಟು ಓಡುತ್ತಿದೆ ಎಂದು ಈ ಸಿಟಿ ಸ್ಕ್ಯಾನ್ ತೋರಿಸುತ್ತದಂತೆ. ಕೆಂಪು ಇರುವಲ್ಲಿ ಚೆನ್ನಾಗಿ ಓಡುತ್ತಿದೆ, ನೀಲಿಯಲ್ಲಿ ತೀರಾ ಕಡಿಮೆ ಎಂದರು. ನನಗೆ ತಲೆಬುಡ ತಿಳಿಯಲಿಲ್ಲ. ಬೆಳೆಯುವ ಗಡ್ಡೆಗೆ ರಕ್ತ ಹೆಚ್ಚು ಬೇಡವೇ?

ಅಮ್ಮನಿಗೆ ಮಾತ್ರ ತಕ್ಷಣ ಅರ್ಥವಾಯಿತು. ನಮ್ಮೂರು ಪಂಜದ ತೋಟಗಳಲ್ಲಿ ಇಪ್ಪತ್ತು ವರ್ಷ ಮರದ ತೊಗಟೆ ಕೆತ್ತಿ ಹಾಲು ಇಳಿಸುವ ರಬ್ಬರ್ ಟ್ಯಾಪಿಂಗ್ ಮಾಡಿದವಳು ಅವಳು. "ನಮ್ಮ ರಬ್ಬರ್ ಮರದ ಹಾಗೇ ಅಲ್ವಾ ಡಾಕ್ಟ್ರೆ? ಕೆತ್ತಿದಲ್ಲಿ ಹಾಲು ಬರುದಿಲ್ಲಾಂತಾದ್ರೆ ಸೀಕು ಅಲ್ಲೇ ಇರುದು" ಎಂದಳು. ಡಾಕ್ಟರು ಹೌದೆಂದರು; ಈ ಜಾತಿಯ ಗಡ್ಡೆ ಗಟ್ಟಿ, ಅದರೊಳಗೆ ರಕ್ತ ಹೋಗುವುದೇ ಕಡಿಮೆ ಎಂದರು. ಆಪರೇಷನ್ ವಿಷಯ ಮುಂದಿನ ವಾರ ಹೇಳುತ್ತೇವೆ ಎಂದು ಕಳಿಸಿದರು.

ಊರಿಗೆ ಮರಳುವ ಬಸ್ಸು ಉಪ್ಪಿನಂಗಡಿ ದಾಟಿದ ಮೇಲೆ ಅಮ್ಮ ಮೆಲ್ಲಗೆ ಕೇಳಿದಳು: "ಹಾಲು ನಿಂತ ಮರಕ್ಕೆ ನಾವು ಕತ್ತಿ ತಾಗಿಸುದಿಲ್ಲ, ಒಂದು ವರ್ಷ ಹಾಗೇ ಬಿಡುದು. ಕೆಲವದರಲ್ಲಿ ಪುನಃ ಹಾಲು ಬರ್ತದೆ. ಇವರು ನನಗೆ ಕತ್ತಿ ಹಾಕುದಾ, ಬಿಡುದಾ ಮಾರಾಯ್ತಿ?"

ಆ ಸ್ಕ್ಯಾನ್ ಚಿತ್ರವನ್ನು ದಿನಾ ತೆಗೆದು ನೋಡುತ್ತೇನೆ. ಯಾವ ಬಣ್ಣಕ್ಕೆ ಹೆದರಬೇಕೆಂದು ಈಗ ಗೊತ್ತು. ಕತ್ತಿ ಹಾಕುದಾ, ಬಿಡುದಾ ಎಂಬ ಅಮ್ಮನ ಪ್ರಶ್ನೆಯನ್ನು ಮುಂದಿನ ವಾರ ಡಾಕ್ಟರಿಗೆ ಕೇಳಲೆಂದು ಅದರ ಹಿಂದೆ ಬರೆದಿಟ್ಟಿದ್ದೇನೆ.