ಹಾಯಿಕಂಬದ ಬುಡಕ್ಕೆ ಹೊಲಿದ ಚೀಲ

ನಾನು ಬೈಲಹೊಂಗಲದಲ್ಲಿ ತಾಡಪತ್ರಿ ಹೊಲಿಯುತ್ತೇನೆ. ಲಾರಿಗೆ, ಟ್ರ್ಯಾಕ್ಟರ್ ಟ್ರಾಲಿಗೆ, ಬೆಳೆ ರಾಶಿ ಮುಚ್ಚಲಿಕ್ಕೆ. ಐದನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಗಂಡ ತೀರಿದ ಮೇಲೆ ತವರಿನ ಓಣಿಗೆ ಬಂದು ಅಂಗಡಿ ಹಾಕಿದೆ. ಅಪ್ಪ ಅವ್ವ ಅದಕ್ಕೂ ಮೊದಲೇ ಹೋಗಿದ್ದರು. ಉಳಿದವನು ಅಣ್ಣ ಒಬ್ಬ. ಅವನ ದೋಣಿಯ ವಿಷಯದಲ್ಲಿ ನಾನು ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಣ್ಣ ಹದಿನಾರನೆಯ ವಯಸ್ಸಿಗೆ ಗೋವಾಕ್ಕೆ ಹೋದ. ಶ್ರೀಮಂತರ ಹಾಯಿದೋಣಿಗಳನ್ನು ತೊಳೆಯುತ್ತ ಶುರು ಮಾಡಿ, ಅವುಗಳ ಇಂಜಿನ್ ಕೆಲಸ ಕಲಿತು, ಕೊನೆಗೆ ಅವುಗಳನ್ನು ಸಮುದ್ರದಲ್ಲಿ ನಡೆಸುವಷ್ಟಕ್ಕೆ ಬಂದ. ಇಪ್ಪತ್ತು ವರ್ಷದಲ್ಲಿ ಅವನು ಊರಿನಲ್ಲಿ ಒಟ್ಟು ಎಷ್ಟು ದಿನ ಇದ್ದಿರಬಹುದು ಎಂದು ಕೇಳಿದರೆ ಬೆರಳೆಣಿಸಿ ಹೇಳುತ್ತಿದ್ದೆ. ಹೋದ ವರ್ಷ ಬೇಸಿಗೆಯಲ್ಲಿ ಫೋನ್ ಮಾಡಿ, ತಾನೇ ಒಂದು ಹಳೆಯ ಹಾಯಿದೋಣಿ ಕೊಳ್ಳುತ್ತಿದ್ದೇನೆ, ಅದನ್ನು ಸವದತ್ತಿಯ ಜಲಾಶಯದಲ್ಲಿ ಇಳಿಸಿ ಜನರನ್ನು ಕೂರಿಸಿಕೊಂಡು ಹೋಗುತ್ತೇನೆ, ಇನ್ನು ಊರಲ್ಲೇ ಇರುತ್ತೇನೆ ಎಂದ.

ಇಪ್ಪತ್ತಾರು ಅಡಿಯ ಫೈಬರ್ ದೋಣಿ. ಒಳಗೆ ನಾಲ್ಕು ಜನ ಮಲಗುವಷ್ಟು ಕೋಣೆ. ಅದರ ಮಾಲೀಕ ಮುದುಕನಾಗಿದ್ದ, ಸಮುದ್ರಕ್ಕೆ ಹೋಗುವುದು ಅವನಿಂದ ಆಗುತ್ತಿರಲಿಲ್ಲ. ಅಣ್ಣ ಸಂಚಕಾರ ಕೊಟ್ಟು ಕರಾರುಪತ್ರ ಮಾಡಿಸಿದ. ಪತ್ರವನ್ನು ಫೋನಿನಲ್ಲಿ ನನಗೆ ಓದಿ ಹೇಳಿದ: ವಿಮೆಗೆ ಸರ್ವೇಯರ್ ಬಂದು ನೋಡಬೇಕು, ಅವರು ಕಂಡ ದೋಷವನ್ನು ಹಳೆಯ ಮಾಲೀಕ ರಿಪೇರಿ ಮಾಡಿಸಿ ಕೊಡಬೇಕು, ಉಳಿದ ಹಣ ಆಮೇಲೆ. ನಾನು ಹೂಂ ಹೂಂ ಎಂದೆ. ಅವನು ಯಾವ ದಿನ ಬರುತ್ತಾನೆ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಮಳೆಗಿಂತ ಮೊದಲು ದೋಣಿ ಲಾರಿಯ ಮೇಲೆ ಕಿತ್ತೂರಿನ ದಾರಿಯಿಂದ ಬಂತು. ಜಲಾಶಯದಲ್ಲಿ ನೀರೇರುವವರೆಗೆ ಅದನ್ನು ನನ್ನ ಅಂಗಡಿಯ ಪಕ್ಕದ ಖಾಲಿ ಜಾಗದಲ್ಲಿ ಮರದ ತೊಲೆಗಳ ಮೇಲೆ ನಿಲ್ಲಿಸಿದೆವು. ಓಣಿಯೆಲ್ಲ ಸೇರಿತು. ಎದುರು ಮನೆಯ ಮುದುಕ ಎತ್ತಿನ ದಲಾಲಿ ಮಾಡಿ ತಲೆ ಹಣ್ಣಾದವನು. ದೋಣಿಯನ್ನು ಒಂದು ಸುತ್ತು ಹಾಕಿ ಬಂದ.

"ಹಲ್ಲ ಎಷ್ಟ ಅದಾವಲೇ ಇದಕ್ಕ?"

"ಎಲ್ಲಾ ಉದುರ್ಯಾವ ಕಾಕಾ. ಮೂವತ್ತರ ಮ್ಯಾಲ ಆಗೇತಿ," ಎಂದ ಅಣ್ಣ.

"ಹಂಗಾರ ನಿನ್ನ ವಾರಿಗೀದು. ನಿನಗೂ ಅದಕ್ಕೂ ಒಂದ ಮುಹೂರ್ತದಾಗ ಲಗ್ನಾ ಮಾಡಿಬಿಡೂನು."

ಎಲ್ಲರೂ ನಕ್ಕರು. ನಾನು ತಂಬಿಗೆಯಲ್ಲಿ ನೀರು ತಂದು ದೋಣಿಯ ಅಡಿಗೆ ಹಾಕಿ, ಮುಂಭಾಗಕ್ಕೆ ಕುಂಕುಮ ಹಚ್ಚಿದೆ. ಅಪ್ಪ ಎತ್ತು ತಂದಾಗ ಅವ್ವ ಹೀಗೆಯೇ ಮಾಡುತ್ತಿದ್ದಳು. ಅಪ್ಪ ಸಂಚಕಾರ ಕೊಡುವವರೆಗೆ ಹಲ್ಲು ಎಣಿಸುತ್ತಿದ್ದ, ಸುಳಿ ನೋಡುತ್ತಿದ್ದ, ಹತ್ತು ಸಲ ನಡೆಸುತ್ತಿದ್ದ. ಎತ್ತು ಮನೆಗೆ ಬಂದು ಕಾಲಿಗೆ ನೀರು ಬಿದ್ದ ಮೇಲೆ ಅದರ ಐಬನ್ನು ಯಾರೂ ಬಾಯಿಬಿಟ್ಟು ಆಡುವಂತಿರಲಿಲ್ಲ. ಆಡಿದರೆ ಎತ್ತು ಅದೇ ಹೊತ್ತು ವಾಪಸ್ ಹೋಗಬೇಕು, ಇಲ್ಲವೇ ಸುಮ್ಮನಿದ್ದು ಕಡೆಯತನಕ ಸಾಕಬೇಕು. ನಮ್ಮ ಮನೆಯಲ್ಲಿ ಮೂರನೆಯ ದಾರಿ ಇರಲಿಲ್ಲ.

ಮರುದಿನ ದೋಣಿಯ ಒಳಗಿನ ಆಸನಗಳಿಗೆ ರೆಕ್ಸಿನ್ ಹೊಲಿಯಲು ಅಳತೆ ತೆಗೆದುಕೊಳ್ಳುತ್ತಿದ್ದೆ. ದೋಣಿಯ ಹೊಟ್ಟೆಯ ನಡುವೆ ಬಿಳಿ ಬಣ್ಣ ಬಳಿದ ಒಂದು ಮರದ ದಿಮ್ಮಿ ಇದೆ. ಹಾಯಿಕಂಬ ಚಾವಣಿಯ ತೂತಿನಿಂದ ಇಳಿದು ಅದರ ಮೇಲೆ ನಿಲ್ಲುತ್ತದೆ. ಆಗ ಕಂಬ ಬಿಚ್ಚಿ ಹೊರಗೆ ಮಲಗಿಸಿತ್ತು. ಎರಡೂ ಕೈ ಬೇಕಾದಾಗ ದಬ್ಬಣವನ್ನು ಹತ್ತಿರದ ಮರಕ್ಕೆ ಚುಚ್ಚಿ ಇಡುವುದು ನನ್ನ ರೂಢಿ. ದಿಮ್ಮಿಯ ಮಗ್ಗುಲಿಗೆ ಚುಚ್ಚಿದೆ. ದಬ್ಬಣ ಕಣ್ಣಿನತನಕ ಒಳಗೆ ಹೋಯಿತು. ತೆಗೆದಾಗ ಒದ್ದೆಯಾಗಿತ್ತು, ಹಳೆಯ ಬಾವಿಯ ವಾಸನೆ ಬರುತ್ತಿತ್ತು.

ಹೊರಗಿನಿಂದ ಅಣ್ಣ ಕೂಗಿದ: "ಏನ ತಂಗಿ, ಅಳತಿ ಆತೇನ?"

"ಆತಣ್ಣ," ಎಂದೆ.

ದಬ್ಬಣವನ್ನು ಸೆರಗಿಗೆ ಒರೆಸಿಕೊಂಡೆ. ಹೇಳಿದರೆ ದೋಣಿ ವಾಪಸ್ ಹೋಗುತ್ತದೆ, ದೋಣಿಯ ಹಿಂದೆ ಅವನೂ ಹೋಗುತ್ತಾನೆ ಎಂದು ನನ್ನ ಲೆಕ್ಕ. ಅವನು ಬಂದು ಆಗ ಎರಡನೆಯ ದಿನ. ಬೆಳಿಗ್ಗೆ ಮೂರು ರೊಟ್ಟಿ ತಿಂದು, ನಾಲ್ಕನೆಯದಕ್ಕೆ ತಾಟು ಮುಂದೆ ಮಾಡಿದ್ದ.

ಆಸನಗಳ ಜೊತೆಗೆ ನಾನು ಆ ದಿಮ್ಮಿಗೂ ಒಂದು ಚೀಲ ಹೊಲಿದೆ. ದಪ್ಪ ತಾಡಪತ್ರಿಯದು, ಕಂಬದ ಬುಡದ ಸಮೇತ ದಿಮ್ಮಿಯನ್ನು ಸುತ್ತಿ ಮುಚ್ಚುವಂಥದ್ದು. ಮೇಲೆ ದಾರ ಎಳೆದು ಕಟ್ಟಬೇಕು. ಅಣ್ಣನಿಗೆ ತೋರಿಸಿ, ಮೇಲಿಂದ ಮಳೆನೀರು ಸೋರಬಾರದೆಂದು ಮಾಡಿದ್ದೇನೆ ಎಂದೆ. ಅವನಿಗೆ ಬಹಳ ಸೇರಿತು.

"ಗೋವಾದಾಗ ಇಂಥಾದ್ದ ಯಾರೂ ಮಾಡಂಗಿಲ್ಲ ನೋಡ. ನಮ್ಮ ದೋಣಿಗೆ ಕಾಲಚೀಲಾ!"

ಶ್ರಾವಣಕ್ಕೆ ನೀರು ಏರಿತು. ದೋಣಿಯನ್ನು ಜಲಾಶಯದ ದಂಡೆಗೆ ಒಯ್ದು, ಕ್ರೇನ್ ತರಿಸಿ ಕಂಬ ನಿಲ್ಲಿಸಿದರು. ಅಣ್ಣ ಮೇಲೆ ನಿಂತು ಕಂಬ ಹಿಡಿದಿದ್ದ. ನಾನು ಕೆಳಗೆ, ಒಳಗೆ. ಕಂಬದ ಬುಡವನ್ನು ದಿಮ್ಮಿಯ ಮೇಲಿನ ಕುಳಿಗೆ ಕೂರಿಸುವುದು ನನ್ನ ಕೆಲಸ. ಭಾರ ಬಿದ್ದಾಗ ದಿಮ್ಮಿಯ ಬಣ್ಣ ಬಿರಿದು, ಒಂದು ಮಗ್ಗುಲಿನಿಂದ ನೀರು ಜಿನುಗಿತು.

"ಕುಂತಿತೇನ?" ಎಂದು ಮೇಲಿನಿಂದ ಕೇಳಿದ.

"ಕುಂತತಿ."

"ಸರಿಯಾಗಿ ನೋಡಬೇ."

"ನೋಡೇನಿ. ಕುಂತತಿ."

ಅವನು ಇಳಿದು ಬರುವಷ್ಟರಲ್ಲಿ ಚೀಲ ಕಟ್ಟಿ ಮುಗಿಸಿದ್ದೆ.

ಸರ್ವೇಯರ್ ಎರಡು ದಿನ ಬಿಟ್ಟು ಬಂದರು. ವಿಮೆಯಿಲ್ಲದೆ ಜಲಾಶಯದಲ್ಲಿ ದೋಣಿ ನಡೆಸಲು ಅನುಮತಿ ಇರಲಿಲ್ಲ, ಇಷ್ಟು ಹಳೆಯ ದೋಣಿಗೆ ಇವರ ವರದಿಯಿಲ್ಲದೆ ವಿಮೆ ಇರಲಿಲ್ಲ. ಸಣ್ಣ ಸುತ್ತಿಗೆಯಿಂದ ಇಡೀ ದೋಣಿಯನ್ನು ತಟ್ಟುತ್ತ, ಕಿವಿಗೊಟ್ಟು ಕೇಳುತ್ತ ಬಂದರು. ಚೀಲದ ಹತ್ತಿರ ನಿಂತರು.

"ಇದರಾಗ ಏನೈತ್ರಿ ಅಕ್ಕಾರ?"

"ಕಂಬದ ಬುಡಾರಿ. ನೀರ ಬೀಳಬಾರದಂತ ಕಟ್ಟೇನ್ರಿ. ಈಗ ಬಿಚ್ಚಿದ್ರ ತಿರುಗಿ ಮೊದಲಿಂದ ಕಟ್ಟಬೇಕ್ರಿ."

"ಹೊಲಿಗಿ ಭಾಳ ಚೊಲೋ ಐತಿ," ಎಂದು ಮುಂದೆ ಹೋದರು. ನಾನು ಚಹಾ ಕೊಟ್ಟೆ.

ಆಮೇಲೆ ಅಣ್ಣನನ್ನು ಕೂರಿಸಿಕೊಂಡು, ನಿಮಗೆ ಗೊತ್ತಿರುವ ದೋಷ ಹೇಳಿ ಎಂದರು. ಅಣ್ಣ ಒಂದೊಂದಾಗಿ ಹೇಳಿದ: ಇಂಜಿನ್ ಹೊಗೆ ಬಿಡುತ್ತದೆ, ಎಡಗಡೆಯ ಕಿಟಕಿ ಸೋರುತ್ತದೆ, ಕಂಬದ ಎರಡು ತಂತಿ ಸವೆದಿವೆ. ಮುಗಿಯಿತು, ಇನ್ನು ವಿಮೆ ಸಿಗುವುದಿಲ್ಲ ಎಂದುಕೊಂಡೆ. ಸರ್ವೇಯರ್ ಎಲ್ಲವನ್ನೂ ಬರೆದುಕೊಂಡು, "ಇವನ್ನ ಹಳೇ ಮಾಲಕರ ಕಡಿಂದ ಮಾಡಿಸಿ ಬಿಲ್ ಕಳಿಸ್ರಿ, ಪಾಲಿಸಿ ಆಗತೈತಿ," ಎಂದರು. ಅಷ್ಟೇ.

ಹಾಗಾಗಿ ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ಬರುವುದಿಲ್ಲ. ದೋಣಿಯ ವ್ಯವಹಾರ ಎತ್ತಿನ ವ್ಯವಹಾರದಂತಲ್ಲ ಎಂಬುದನ್ನು ಅಲ್ಲಿಯೇ, ಚಹಾದ ಕಪ್ಪು ತೆಗೆಯುತ್ತ, ಕಣ್ಣಾರೆ ಕಂಡೆ. ಆಗ ನಾಲ್ಕು ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ಹೇಳಿದರೆ, "ಕುಂತತಿ" ಎಂದದ್ದು ಯಾಕೆ ಎಂದು ಅಣ್ಣ ಕೇಳುತ್ತಿದ್ದ. ಕಪ್ಪು ತೊಳೆಯಲು ನೀರಿನ ಹತ್ತಿರ ಹೋದೆ.

ತಂತಿ ಹೊಸದಾದವು, ಕಿಟಕಿ, ಇಂಜಿನ್ ಸರಿಯಾದವು, ಪಾಲಿಸಿ ಬಂತು. ಶ್ರಾವಣ ಕಳೆದ ಮೇಲೆ ಒಂದು ಮಧ್ಯಾಹ್ನ ಅಣ್ಣ ಒಬ್ಬನೇ ಹಾಯಿ ಬಿಚ್ಚಿಕೊಂಡು ಹೋದ. ಗಾಳಿ ಜೋರಾಗಿತ್ತು, ಜೋರು ಗಾಳಿಯಲ್ಲಿ ದೋಣಿ ಹೇಗೆ ತಾಳುತ್ತದೆ ಎಂದು ನೋಡಬೇಕಾಗಿತ್ತು ಅವನಿಗೆ. ದಿಮ್ಮಿ ಕುಸಿಯಿತು. ಕಂಬ ಒಂದು ಗೇಣು ಕೆಳಗಿಳಿದು, ತಂತಿಗಳು ಸಡಿಲಾಗಿ, ಇಡೀ ಕಂಬ ಹಾಯಿಯ ಸಮೇತ ಒಂದು ಕಡೆಗೆ ಬಿತ್ತು. ಅವನ ಹೆಗಲಿನ ಎಲುಬು ಮುರಿಯಿತು, ದೋಣಿಯ ಚಾವಣಿ ಅರ್ಧ ಕಿತ್ತುಹೋಯಿತು. ಮೀನುಗಾರರು ಎಳೆದು ತಂದರು.

ಅದೇ ಸರ್ವೇಯರ್ ಮತ್ತೆ ಬಂದರು. ಈ ಸಲ ಬ್ಲೇಡಿನಿಂದ ಚೀಲವನ್ನು ಕೊಯ್ದರು. ಒಳಗೆ ದಿಮ್ಮಿ ನೆನೆದ ರೊಟ್ಟಿಯಂತೆ ಕೈಗೆ ಬಂತು.

"ಇದನ್ನ ನೋಡದ ಈ ಚೀಲಾ ಹೊಲಿಯಾಕ ಬರೂದಿಲ್ಲ," ಎಂದರು. ಹೇಳಿದ್ದು ನನಗೆ.

ಅಣ್ಣ ಕೊರಳಿಗೆ ಕೈ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ. ನನ್ನ ಮುಖ ನೋಡಿದ.

"ಹೊಲಿ ಅಂದಾವ ನಾನರಿ ಸಾಹೇಬ್ರ. ಹಂಗ ಬರಕೊಳ್ರಿ," ಎಂದ.

ನಾನು ಸುಮ್ಮನಿದ್ದೆ. ಅವರು ಹಾಗೆಯೇ ಬರೆದುಕೊಂಡರು.

ದೀಪಾವಳಿಗೆ ವಿಮೆ ಕಚೇರಿಯ ಕಾಗದ ಬಂತು: ಮಾಲೀಕ, ಎಂದರೆ ಅಣ್ಣ, ಗೊತ್ತಿದ್ದೂ ದೋಷ ಮುಚ್ಚಿಟ್ಟಿದ್ದರಿಂದ ಕ್ಲೇಮ್ ಇಲ್ಲ. ಅಣ್ಣ ಗೋವಾಕ್ಕೆ ಹೋದ. ಅಲ್ಲಿ ದೋಣಿ ನಡೆಸುವ ಕೆಲಸ ಸಿಗಲಿಲ್ಲ. ದೋಣಿಗೆ ವಿಮೆ ಮಾಡಿಸುವಾಗ ಅದನ್ನು ನಡೆಸುವವನ ಬಗ್ಗೆಯೂ ಕೇಳುತ್ತಾರಂತೆ. ಮುಚ್ಚಿಟ್ಟವನು ಎಂದು ಕಾಗದದಲ್ಲಿರುವವನ ಕೈಗೆ ಯಾರೂ ದೋಣಿ ಕೊಡುವುದಿಲ್ಲ. ಮೊದಲು ಮಾಡುತ್ತಿದ್ದ ಕೆಲಸಕ್ಕೇ ಮರಳಿದ. ದೋಣಿ ತೊಳೆಯುವುದು, ತಳಕ್ಕೆ ಅಂಟಿದ್ದನ್ನು ಕೆರೆಯುವುದು.

ಸಂಕ್ರಮಣಕ್ಕೆ ಅವನು ಮುರುಕು ದೋಣಿಯನ್ನು ಗುಜರಿಗೆ ಕೊಡಲು ಬಂದಿದ್ದ. ಗುಜರಿಯವನು ಅಳತೆ ತೆಗೆದುಕೊಂಡು ಹೋದ ಮೇಲೆ ಅಣ್ಣನಿಗೆ ಹೇಳಿದೆ. ದಬ್ಬಣ ಇಳಿದದ್ದು, ಕಂಬ ಕೂತಾಗ ನೀರು ಜಿನುಗಿದ್ದು, ಎಲ್ಲವನ್ನೂ. ಅವನು ಹಗ್ಗ ಸುತ್ತುತ್ತಿದ್ದವನು ಸುತ್ತುತ್ತಲೇ ಇದ್ದ.

"ಚೀಲಾ ಕೊಯ್ದಾಗ ನಿನ್ನ ಮಾರಿ ನೋಡಿದ್ನಲ್ಲಾ. ಅವಾಗ ಗೊತ್ತಾತು."

"ಮತ್ತ ನಿನ್ನ ಮ್ಯಾಲ ಯಾಕ ಹಾಕ್ಕೊಂಡಿ?"

"ಮಂದಿ ಮುಂದ ನಿನ್ನ ಕೇಳೂದು ಬ್ಯಾಡ ಅನಿಸ್ತು. ಮನಿಗೆ ಬಂದ ಮ್ಯಾಲ ನೀನ ಹೇಳ್ತಿ ಅಂತ ಒಂದ ವಾರ ಕಾಯ್ದೆ. ಆಮ್ಯಾಲ ಬಿಟ್ಟೆ."

ಹಗ್ಗ ಸುತ್ತಿ ಮುಗಿಸಿ, "ಆ ದಿಮ್ಮಿ ಮನೋಳಿ ಊರಿನ ಬಡಿಗ್ಯಾ ಎರಡ ದಿನದಾಗ ಕಡದ ಕೊಡತಿದ್ದ," ಎಂದ. ಯಾಕೆ ಹೇಳಲಿಲ್ಲ ಎಂದು ಕೇಳಲಿಲ್ಲ. ನಾನೇ ಹೇಳಿದೆ: "ನೀ ತಿರುಗಿ ಹೋಗ್ತಿ ಅಂತ." ಮರುದಿನ ಮೊದಲ ಬಸ್ಸಿಗೆ ಹೋದ.

ನಾನು ವಿಮೆ ಕಚೇರಿಗೆ ಹೋಗಿ, ನನ್ನ ಕೈಯಿಂದಲೇ ಬರೆದದ್ದನ್ನು ಕೊಟ್ಟೆ. ಸರ್ವೇಯರ್ ಎರಡು ಸಲ ಓದಿದರು.

"ಈಗ ಹೇಳಿದ್ರ ಕ್ಲೇಮ್ ಬರೂದಿಲ್ರಿ ಅಕ್ಕಾರ."

"ಅದ ಬ್ಯಾಡ್ರಿ. ಮಾಲಕಗ ಗೊತ್ತಿರಲಿಲ್ಲ ಅಂತ ಒಂದ ಮಾತ ತಿದ್ದಿ ಕೊಡ್ರಿ."

ತಿಂಗಳ ಮೇಲೆ ತಿದ್ದಿದ ಕಾಗದ ಬಂತು. ಮುಚ್ಚಿಟ್ಟವರು ಮಾಲೀಕನ ತಂಗಿ ಎಂದು ಅದರಲ್ಲಿದೆ. ಅಣ್ಣನಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. "ಬಂತು," ಎಂದು ಫೋನ್ ಮಾಡಿದ. ಸ್ವಲ್ಪ ದಿನಕ್ಕೆ ಅವನಿಗೆ ಮತ್ತೆ ದೋಣಿ ನಡೆಸುವ ಕೆಲಸ ಸಿಕ್ಕಿತು.

ಈ ವರ್ಷ ಪಂಚಮಿಗೆ ಬಾ ಎಂದು ಕರೆದೆ. ದೋಣಿ ಬಿಟ್ಟು ಬರಲು ಆಗುವುದಿಲ್ಲ, ದಿನಾ ನೀರಿನ ಮೇಲೆ ಇರಬೇಕು ಎಂದ. ಮಳೆಗಾಲದಲ್ಲಿ ಗೋವಾದ ಹಾಯಿದೋಣಿಗಳನ್ನೆಲ್ಲ ದಡಕ್ಕೆ ಎಳೆದು ಮುಚ್ಚಿ ಇಡುತ್ತಾರೆ ಎಂದು ನನಗೆ ಹೇಳಿಕೊಟ್ಟವನೇ ಅವನು. ನಾನು ಹೂಂ ಎಂದೆ.