ಉಳಿಸದ ಸಾಲು

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ತಂತಿಯಕ್ಕ ಎನ್ನುತ್ತಿದ್ದರು. ಮೆಟ್ಟಿಲ ಕೆಳಗಿನ ಕಿಷ್ಕಿಂಧೆಯಂಥ ಕೋಣೆಯಲ್ಲಿ ಅವಳ ಕೆಲಸ. ಅಲ್ಲಿದ್ದ ಸ್ವಿಚ್ಚು ದೀಪದ ಗುಂಡಿಯಲ್ಲ. ವಾರ್ಡುಗಳ ಕಂಪ್ಯೂಟರುಗಳ ತಂತಿಗಳೆಲ್ಲ ಬಂದು ಸೇರುವ ಕಬ್ಬಿಣದ ಪೆಟ್ಟಿಗೆ. ಅದಕ್ಕೆ ಲಾಗಿನ್ ಆಗಿ, ತಂತಿ ಚುಚ್ಚುವ ಯಾವ ಪೋರ್ಟು ಸತ್ತಿದೆ, ಒಳಗಿನ ಯಾವ ಫ್ಯಾನು ಸೋತಿದೆ ಎಂದು ನೋಡುವುದನ್ನು ಕಲಿಸಿದವರು ಅದೇ ಕೋಣೆಯಲ್ಲಿ ಮೊದಲಿನಿಂದ ಕೆಲಸದಲ್ಲಿದ್ದ ಅವಳ ದೊಡ್ಡಪ್ಪ. ತಿರುಗುವ ಸ್ಟೂಲಿನ ಮೇಲೆ ಅವಳನ್ನು ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದರು. ಪಾಸ್‌ವರ್ಡ್ ಒತ್ತುವಾಗ ಮಾತ್ರ, ಪುಟ್ಟೀ, ಗೋಡೆ ನೋಡು ಎನ್ನುತ್ತಿದ್ದರು. ಅವಳು ಸ್ಟೂಲು ತಿರುಗಿಸಿ ಗೋಡೆ ನೋಡುತ್ತಿದ್ದಳು.

ಸ್ವಿಚ್ಚಿಗೆ ಎರಡು ನೆನಪು. ಕರೆಂಟು ಇರುವವರೆಗಿನದು ಒಂದು, ಕರೆಂಟು ಹೋದರೂ ಉಳಿಯುವುದು ಇನ್ನೊಂದು. ಬದಲಾಯಿಸಿದ್ದನ್ನು ಉಳಿಸದೆ ಎದ್ದರೆ ಮಾಡಿದ್ದೆಲ್ಲ ಮಣ್ಣುಪಾಲು. ಹಾಗಾಗಿ ಅವಳು ಬಾಗಿಲು ದಾಟುವ ಮೊದಲು ಬೆನ್ನ ಹಿಂದಿನಿಂದ ದೊಡ್ಡಪ್ಪ ಕೇಳುವುದು ಒಂದೇ ಮಾತು: "ಉಳಿಸ್ದೆಯಾ?" ಮನೆಯಲ್ಲಿ ಊಟಕ್ಕೆ ಕೂತಾಗಲೂ ಬಾಯಿಗೆ ಅದೇ ಬರುತ್ತಿತ್ತು. ಖಾಲಿ ಪಾತ್ರೆ ಬಗ್ಗಿಸಿ ನೋಡುತ್ತ, ಅದನ್ನ ನಾನು ಕೇಳ್ಬೇಕು ಎನ್ನುತ್ತಿದ್ದರು ದೊಡ್ಡಮ್ಮ.

ದೊಡ್ಡಪ್ಪ ತೀರಿಕೊಂಡದ್ದೂ ಅದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ. ಅಂದಿನಿಂದ ಅವಳು ಲಾಗಿನ್ ಆದಾಗಲೆಲ್ಲ ಆಸ್ಪತ್ರೆಯ ಹೆಸರಿನ ಕೆಳಗೆ, ಇಂಗ್ಲಿಷ್ ಅಕ್ಷರಗಳ ಕನ್ನಡದಲ್ಲಿ, ಒಂದು ಸಾಲು ಕಾಣುತ್ತಿತ್ತು: "ಬಂದ್ಯಾ ಪುಟ್ಟಿ? ನಿಧಾನ." ಹಾಸಿಗೆ ಹಿಡಿಯುವ ಮುಂಚೆ ಬರೆದಿಟ್ಟಿರಬೇಕು ಎಂದುಕೊಂಡಳು. ಅವರದೆಂದು ಅವಳಿಗೆ ಉಳಿದದ್ದು ಅದೊಂದೇ.

ಒಮ್ಮೆ ಸ್ವಿಚ್ಚಿನ ಪವರ್ ಸಪ್ಲೈ ಸುಟ್ಟ ವಾಸನೆ ಬರತೊಡಗಿತು. ಆರಿಸಿ ಬದಲಾಯಿಸಲೇಬೇಕು. ಆ ಸಾಲು ಹೋಗಿಬಿಟ್ಟರೆ ಎಂದು ಅವಳಿಗೆ ಭಯವಾಯಿತು. ಉಳಿಯುವ ನೆನಪಿನಲ್ಲಿ ಹುಡುಕಿದಳು, ಇರಲಿಲ್ಲ. ಉಳಿಸುವ ಆಜ್ಞೆ ಕೊಟ್ಟು ಮತ್ತೆ ನೋಡಿದಳು, ಆಗಲೂ ಇಲ್ಲ. ಕೊನೆಗೆ ಕರೆಂಟು ಇರುವವರೆಗಿನ ನೆನಪನ್ನೇ ಮೇಲಿನಿಂದ ಕೆಳಗಿನವರೆಗೆ ಓದಿದಳು. ಅಲ್ಲೂ ಆ ಸಾಲು ಇರಲಿಲ್ಲ. ಎಲ್ಲೂ ಬರೆದಿರದ ಸಾಲು ತೆರೆಯ ಮೇಲೆ ಮಾತ್ರ ಬರುತ್ತಿತ್ತು.

ಕರೆಂಟಿನ ಕೆಲಸದವನು ಹೊಸ ಸಪ್ಲೈ ಹಿಡಿದು ಬಾಗಿಲಲ್ಲಿ ನಿಂತಿದ್ದ. ಎಲ್ಲರೂ ಅವನನ್ನು ಫ್ಯೂಸಣ್ಣ ಎನ್ನುತ್ತಿದ್ದರು.

"ಏನಕ್ಕಾ, ದೆವ್ವ ಕಂಡವಳ ಹಾಗೆ ಕೂತಿದೀಯ? ಆರಿಸ್ಲಾ? ಮೇಲೆ ಡಾಕ್ಟರು ಕುಣೀತಿದಾರೆ."

"ಒಂದ್ನಿಮಿಷ ತಡಿಯಣ್ಣ."

ಲಾಗೌಟ್ ಆಗಿ ಮತ್ತೆ ಲಾಗಿನ್ ಆದಳು. ಪ್ರಯಾಣ ಹೊರಟವರ ಮುಖ ನೋಡುವಂತೆ ಆ ಸಾಲನ್ನು ನೋಡಿದಳು. ಆಮೇಲೆ ಆರಿಸು ಎಂದು ತಲೆಯಾಡಿಸಿದಳು.

ಫ್ಯಾನುಗಳ ಸದ್ದು ನಿಂತಿತು. ಆ ಕೋಣೆಯ ಮೌನವನ್ನು ಅವಳು ಅದಕ್ಕೂ ಮೊದಲು ಕೇಳಿರಲಿಲ್ಲ. ಹೊಸ ಸಪ್ಲೈ ಕೂತಿತು, ಪೋರ್ಟುಗಳ ಹಸಿರು ದೀಪಗಳು ಒಂದೊಂದಾಗಿ ಕಣ್ಣು ಬಿಟ್ಟವು, ಫ್ಯೂಸಣ್ಣ ಹೋದ. ಅವಳು ಲಾಗಿನ್ ಆದಳು. ಆಸ್ಪತ್ರೆಯ ಹೆಸರಷ್ಟೇ ಇತ್ತು.

ತಡೆಯಲಾರದೆ ಅದೇ ಸಾಲನ್ನು ತಾನೇ ಒಂದೊಂದೇ ಅಕ್ಷರ ಒತ್ತಿ ಬರೆದಳು. ಲಾಗೌಟ್ ಆಗಿ ಮತ್ತೆ ಒಳಹೋದಳು. ಅವಳು ಬರೆದದ್ದು ಇತ್ತು. ಅದರ ಕೆಳಗೆ, ಅವಳು ಬರೆಯದ ಇನ್ನೊಂದು ಸಾಲು:

"ಉಳಿಸ್ದೆಯಾ?"

ದುಃಖದಲ್ಲಿ ಅವಳು ಉಳಿಸುವುದನ್ನೇ ಮರೆತಿದ್ದಳು. ತಕ್ಷಣ ಉಳಿಸಿದಳು. ಹಿಂದೆ ತಿರುಗದೆ, "ಉಳಿಸ್ದೆ ದೊಡ್ಡಪ್ಪ" ಎಂದಳು.

ಮರುದಿನ ಬೆಳಿಗ್ಗೆ ತಾನು ಕಲಿಯುವಾಗ ಕೂರುತ್ತಿದ್ದ ಆ ಖಾಲಿ ಸ್ಟೂಲನ್ನು ತನ್ನ ಪಕ್ಕಕ್ಕೆ ಎಳೆದುಕೊಂಡಳು. ಪಾಸ್‌ವರ್ಡ್ ಒತ್ತುವ ಮುನ್ನ ಅವಳ ಬೆರಳು ನಿಂತಿತು.

"ದೊಡ್ಡಪ್ಪ," ಎಂದಳು ಮೆಲ್ಲಗೆ, "ಗೋಡೆ ನೋಡಿ."

ಸ್ಟೂಲು ನಿಧಾನವಾಗಿ ಗೋಡೆಯ ಕಡೆ ತಿರುಗಿತು.