ಗಾಜಿನಾಚೆಯ ಉಗ್ರಾಣ

ಆ ವಸ್ತುಸಂಗ್ರಹಾಲಯದ ಗೋಡೆಗಳ ಮೇಲೆ ತೂಗುತ್ತಿದ್ದ ಚಿತ್ರಗಳು ಬೆರಳೆಣಿಕೆಯಷ್ಟು. ನೆಲಮಾಳಿಗೆಯ ಉಗ್ರಾಣದಲ್ಲಿ ಕತ್ತಲನ್ನು ಹೊದ್ದು ಮಲಗಿದ್ದವು ಲೆಕ್ಕವಿಲ್ಲದಷ್ಟು. ಅವುಗಳ ಧೂಳು ಕೊಡವುತ್ತಲೇ ತಲೆ ನರೆಸಿಕೊಂಡವಳು ಉಗ್ರಾಣದಾಕೆ. ಅಲ್ಲಿರುವ ಹೆಸರಿಲ್ಲದ ಹೆಂಗಸರ ಚಿತ್ರಗಳಲ್ಲಿ ಒಂದು ತನ್ನ ತಾಯಿಯದೆಂದು ಆಕೆ ಕೇಳಿ ಬಲ್ಲಳು. ಕಲಾಶಾಲೆಯ ಕಸ ಗುಡಿಸುತ್ತಿದ್ದ ತಾಯಿ ಒಮ್ಮೆ ಚಿತ್ರಕಾರನೊಬ್ಬನ ಎದುರು ಕೂತಿದ್ದಳಂತೆ. ಯಾವ ಚಿತ್ರ? ತಾಯಿ ತೀರಿಕೊಂಡಾಗ ಈಕೆ ಎಳೆಗೂಸು. ಆ ಮುಖವನ್ನು ಕಂಡು ನೆನಪಿಟ್ಟುಕೊಂಡವಳು ಅಕ್ಕ ಒಬ್ಬಳೇ. ಹೊರಗಿನವರಿಗೋ ಉಗ್ರಾಣದ ಬಾಗಿಲು ನಿಷಿದ್ಧ. ಈಚೆಗೆ ಅಕ್ಕನ ಕಣ್ಣುಗಳೂ ಮಂಜಾಗುತ್ತ ಬಂದಿದ್ದವು.

ಅಷ್ಟರಲ್ಲಿ ಮೇಲಿನವರಿಗೆ ಒಳ್ಳೆಯ ಬುದ್ಧಿ ಬಂತು. ಉಗ್ರಾಣದ ಒಂದು ಗೋಡೆಯನ್ನು ಕೆಡವಿ ಗಾಜು ಕೂರಿಸಿದರು. ನೋಡಬಂದವರು ಗಾಜಿನ ಕಿಂಡಿಯಲ್ಲಿ ಕೇಳಿದರೆ ಸಾಕು, ಚಿತ್ರಗಳನ್ನು ತೂಗುಹಾಕಿದ ಜಾಲರಿಯನ್ನು ಉಗ್ರಾಣದಾಕೆ ಹಳಿಯ ಮೇಲೆ ಎಳೆದು ತೋರಿಸಬೇಕು. ಮೊದಲ ದಿನ ಸಂಗ್ರಹಾಲಯದ ಬಾಗಿಲು ತೆರೆಯುವ ಮುನ್ನವೇ ಅಕ್ಕ ಬಂದು ನಿಂತಿದ್ದಳು.

"ಏನೇ, ಮೀನಿನ ತೊಟ್ಟೀಲಿ ಬಿಟ್ಟ ಹಾಗಿದ್ದೀಯ!"

"ಬಾಯಿ ಮುಚ್ಚಿ ಕಣ್ಣು ಬಿಡಕ್ಕ."

ಜಾಲರಿಗಳು ಸದ್ದಿಲ್ಲದೆ ಸರಿದವು. ನಿದ್ದೆಗಣ್ಣಿನವಳು, ನಗೆ ನುಂಗಿಕೊಂಡವಳು, ಮುಡಿ ಬಿಚ್ಚಿದವಳು, ಒಬ್ಬೊಬ್ಬರೇ ಕನಸಿನೊಳಗಿಂದ ನಡೆದುಬಂದಂತೆ ಬೆಳಕಿಗೆ ಬಂದು ಮತ್ತೆ ಕತ್ತಲಿಗೆ ಮರಳಿದರು.

"ಇವಳಲ್ಲ. ಇವಳಂತೂ ಅಲ್ಲವೇ ಅಲ್ಲ, ಅಮ್ಮನ ಮೂತಿ ಇಷ್ಟು ಸೊಟ್ಟ ಇರ್ಲಿಲ್ಲ."

ತಂಗಿಯ ಕೈ ಸೋತಿತು. "ಇನ್ನೊಂದೇ ಉಳಿದಿರೋದು. ಅವಳು ಬೆನ್ನು ತಿರುಗಿಸಿ ಕೂತಿದ್ದಾಳೆ, ಮುಖವೇ ಇಲ್ಲ. ಬೇಡ ಬಿಡು."

"ಎಳಿಯೇ, ನಿನ್ನ ಗಂಟೇನು ಹೋಗೋದು?"

ಎಳೆದಳು. ಕಿಟಕಿಯ ಬಿಸಿಲಿಗೆ ಮೋರೆಯೊಡ್ಡಿ ಕೂತ ಹೆಂಗಸಿನ ಬೆನ್ನು. ಅಕ್ಕ ಗಾಜಿಗೆ ಹಣೆ ಹಚ್ಚಿದಳು.

"ಅಮ್ಮ."

"ಮುಖ ಕಾಣದೆ ಹೇಗೆ ಹೇಳ್ತೀಯ?"

"ಎಡಭುಜ ನೋಡು, ಎಷ್ಟು ತಗ್ಗಿದೆ. ನಿನಗೆ ಹಾಲು ಕೊಡೋವಾಗ ಹಾಗೇ ತಗ್ಗಿಸ್ತಿದ್ಲು. ಹಸಿವಾದ್ರೆ ನೀನು ಊರು ಒಂದು ಮಾಡ್ತಿದ್ದೆ. ಪಾಪ, ಅದಕ್ಕೇ ಆ ಚಿತ್ರಕಾರನಿಗೆ ಬೆನ್ನು ಹಾಕಿ ಕೂತಿದ್ದಾಳೆ."

ಉಗ್ರಾಣದಾಕೆ ಚಿತ್ರದ ಹತ್ತಿರ ಬಾಗಿದಳು. ಮೊಣಕೈಯ ಮರೆಯಲ್ಲಿ, ಇಷ್ಟು ಕಾಲ ಬಟ್ಟೆಯ ಮಡಿಕೆಯೆಂದೇ ಬಗೆದು ಧೂಳು ಕೊಡವಿದ್ದ ಜಾಗದಲ್ಲಿ, ಒಂದು ಪುಟ್ಟ ಹಿಮ್ಮಡಿ ಇಣುಕುತ್ತಿತ್ತು. ಆಕೆ ಜಾಲರಿಯನ್ನು ಹಿಡಿದುಕೊಂಡು ಹಾಗೆಯೇ ನಿಂತಳು.

ಹಿಂದಿನಿಂದ ಯಾರೋ ಕಿಂಡಿಯತ್ತ ಬಗ್ಗಿದರು. "ಅಮ್ಮಾ, ಆ ಪಕ್ಕದ್ದು ಸ್ವಲ್ಪ ಎಳೀತೀರಾ?"

"ತಾಳಿ ಸ್ವಾಮಿ," ಎಂದಳು ಅಕ್ಕ, ಗಾಜಿನಿಂದ ಹಣೆ ತೆಗೆಯದೆ. "ಮಗು ಇನ್ನೂ ಕುಡೀತಿದೆ."